ಖೋ ಎಂಬ ಒಂದಕ್ಷರ

(ಶತಮಾನೋತ್ಸವದ ಸಮಾರೋಪ ಸಮಾರಂಭದಲ್ಲಿ ಮುಖ್ಯಾಧ್ಯಾಪಿಕೆಯವರು ಮಾಡಿದ ಭಾಷಣ)



ಈ ಸ್ಮರಣ ಸಂಚಿಕೆಯಲ್ಲಿ ಶಾಲೆಗೆ ಬಂದ ಢಾಲು, ಕಪ್ಪು, ಪ್ರಶಸ್ತಿ ಪತ್ರಗಳ ಪಟ್ಟಿಯೊಂದನ್ನು ನಾವು ಅಚ್ಚು ಮಾಡಿಸಿದ್ದೇವೆ. ಆ ಪಟ್ಟಿಯಲ್ಲಿ ಸೇರಲಾರದ ಒಂದು ಪಂದ್ಯದ ಬಗ್ಗೆ ಇಂದು ಮಾತನಾಡಬೇಕೆಂದಿದ್ದೇವೆ. ಸುಮಾರು ಹದಿನೈದು ವರ್ಷಗಳ ಹಿಂದೆ ನಮ್ಮ ಬಾಲಕಿಯರು ಸಾಂಗಲಿಯಲ್ಲಿ ಆಡಿದ ಜಿಲ್ಲಾ ಮಟ್ಟದ ಖೋ ಖೋ ಉಪಾಂತ್ಯ ಪಂದ್ಯ ಅದು. ಅದರಲ್ಲಿ ನಾವು ಸೋತೆವು. ಉಪಾಂತ್ಯದಲ್ಲಿ ಸೋತವರ ಹೆಸರು ಯಾವ ಫಲಕದ ಮೇಲೂ ಬರುವುದಿಲ್ಲ. ಆದರೂ ನೂರು ವರ್ಷಗಳ ಲೆಕ್ಕ ಒಪ್ಪಿಸುವ ಈ ದಿನ ಆ ಪಂದ್ಯವನ್ನು ಬಿಟ್ಟರೆ ಲೆಕ್ಕ ಪೂರ್ಣವಾಗದು.

ನಗರಗಳಲ್ಲಿ ಮಕ್ಕಳು ಕಾಲಿಗೆ ಚಕ್ರದ ಬೂಟು ಕಟ್ಟಿಕೊಂಡು ನುಣುಪಾದ ನೆಲದ ಮೇಲೆ ಹಾಕಿ ಆಡುವುದುಂಟು. ನಮ್ಮ ಜತ್ತ ತಾಲೂಕು ಮಳೆ ಕಡಿಮೆಯ, ಕಲ್ಲು ಹೆಚ್ಚಿನ ಸೀಮೆ. ಇಲ್ಲಿಯ ಶಾಲೆಗೆ ಒದಗಿದ ಆಟ ಖೋ ಖೋ. ಅದಕ್ಕೆ ಬೇಕಾದದ್ದು ಎರಡು ಕಂಬ, ಒಂದಿಷ್ಟು ಸುಣ್ಣ, ಕಲ್ಲು ಆರಿಸಿ ಹಸನು ಮಾಡಿದ ನೆಲ. ಹಾಗೆಂದು ಅದು ಸಣ್ಣ ಆಟವಲ್ಲ. 1914ರಲ್ಲಿ ಪುಣೆಯ ಡೆಕ್ಕನ್ ಜಿಮಖಾನಾ ಅದಕ್ಕೆ ನಿಯಮಗಳ ಚೌಕಟ್ಟು ಹಾಕಿತು. 1936ರ ಬರ್ಲಿನ್ ಒಲಿಂಪಿಕ್ಸ್ ಸಂದರ್ಭದಲ್ಲಿ ಅದರ ಪ್ರದರ್ಶನ ನಡೆಯಿತು. ಮಹಿಳೆಯರ ಮೊದಲ ರಾಷ್ಟ್ರೀಯ ಪಂದ್ಯಾವಳಿ 1960-61ರಲ್ಲಿ ನಡೆದದ್ದು ನಮ್ಮ ನೆರೆಯ ಕೊಲ್ಹಾಪುರದಲ್ಲಿ.

ಆಟವನ್ನು ಮರೆತಿರಬಹುದಾದ ಹಿರಿಯರಿಗಾಗಿ ಎರಡು ಮಾತು. ಬೆನ್ನಟ್ಟುವ ತಂಡದ ಒಂಬತ್ತು ಜನರಲ್ಲಿ ಎಂಟು ಜನ ನಡುಸಾಲಿನಲ್ಲಿ ಒಬ್ಬರು ಈ ಕಡೆ, ಒಬ್ಬರು ಆ ಕಡೆ ಮುಖ ಮಾಡಿ ಕುಳಿತಿರುತ್ತಾರೆ. ಓಡುವವಳು ಒಬ್ಬಳೇ. ಅವಳು ನಡುಸಾಲನ್ನು ದಾಟುವಂತಿಲ್ಲ, ಹಿಡಿದ ದಿಕ್ಕನ್ನು ಬದಲಿಸುವಂತಿಲ್ಲ. ಕುಳಿತವಳ ಬೆನ್ನು ಮುಟ್ಟಿ ‘ಖೋ’ ಎಂದಾಗ ಮಾತ್ರ ಆಕೆ ಏಳಬೇಕು. ಎದುರು ತಂಡದವರು ಮೂವರ ಗುಂಪಾಗಿ ಅಂಗಳಕ್ಕಿಳಿದು ತಪ್ಪಿಸಿಕೊಳ್ಳುತ್ತಾರೆ. ಔಟಾದ ಒಬ್ಬೊಬ್ಬರಿಗೂ ಒಂದೊಂದು ಅಂಕ. ಒಂಬತ್ತು ನಿಮಿಷ ಬೆನ್ನಟ್ಟುವುದು, ಒಂಬತ್ತು ನಿಮಿಷ ತಪ್ಪಿಸಿಕೊಳ್ಳುವುದು. ಹೀಗೆ ಎರಡು ಇನಿಂಗ್ಸ್.

ತಂಡ ಕಟ್ಟುವುದು ಆಟ ಕಲಿಸುವುದಕ್ಕಿಂತ ಕಠಿಣವಾಗಿತ್ತು. ಏಳನೆಯ ತರಗತಿಯವರೆಗೆ ಅಂಗಳದ ತುಂಬ ಓಡುತ್ತಿದ್ದ ಹುಡುಗಿಯರು ಎಂಟನೆಯ ತರಗತಿಗೆ ಬಂದೊಡನೆ ಒಬ್ಬೊಬ್ಬರಾಗಿ ಗೋಡೆಯ ನೆರಳಿಗೆ ಸರಿಯುತ್ತಿದ್ದರು. ಕೆಲವರಿಗೆ ಮನೆಯಲ್ಲಿ ನೀರು ತರುವ ಕೆಲಸ, ಕೆಲವರಿಗೆ ತಮ್ಮ ತಂಗಿಯರ ಜವಾಬ್ದಾರಿ. ದೀಪಾವಳಿಯ ಹೊತ್ತಿಗೆ ಕಬ್ಬು ಕಡಿಯಲು ಹೊರಡುವ ಮನೆಗಳ ಮಕ್ಕಳು ಶಾಲೆಯಲ್ಲಿ ಉಳಿಯುವುದೇ ಅನುಮಾನ. ನಾವು ಮನೆ ಮನೆಗೆ ಹೋದೆವು. ಒಬ್ಬ ತಂದೆ ಹೇಳಿದ ಮಾತು ಇಂದಿಗೂ ನೆನಪಿದೆ: “ಅಕ್ಕೋರ, ಓದಾಕ ಕಳಸ್ತೀನಿ. ಆದರ ದೊಡ್ಡಾಕಿ ಆದ ಹುಡುಗಿ ಮಂದಿ ಮುಂದ ಓಡೂದು ಬ್ಯಾಡ್ರಿ.” ಅವರಲ್ಲಿ ಮಗಳ ಮೇಲೆ ಅಕ್ಕರೆ ಇತ್ತು, ಊರಿನ ಬಾಯಿಗೆ ಅಂಜಿಕೆಯೂ ಇತ್ತು. ನಾವು ವಾದ ಮಾಡಲಿಲ್ಲ. ಮೈತುಂಬ ಉಡುಪು ಹಾಕಿ ಆಡಿಸುತ್ತೇವೆ, ಶಿಕ್ಷಕಿಯೊಬ್ಬರು ಸದಾ ಜೊತೆಗಿರುತ್ತಾರೆ, ಬೆಳಿಗ್ಗೆ ಪ್ರಾರ್ಥನೆಗೆ ಮೊದಲೇ ಅಭ್ಯಾಸ ಮುಗಿಸುತ್ತೇವೆ, ಒಂದು ದಿನ ನೀವೇ ಬಂದು ನೋಡಿರಿ ಎಂದೆವು. ಅವರು ಬಂದರು. ಬೇವಿನ ಮರದ ಕೆಳಗೆ ನಿಂತು ನೋಡಿದರು, ಏನೂ ಹೇಳದೆ ಹೋದರು. ಮರುದಿನ ಮಗಳು ಎಲ್ಲರಿಗಿಂತ ಮೊದಲು ಅಂಗಳದಲ್ಲಿದ್ದಳು. ಕಬ್ಬಿಗೆ ಹೋಗುವ ಮನೆಯ ಮತ್ತೊಬ್ಬ ಹುಡುಗಿಯನ್ನು ಅವಳ ಅಜ್ಜಿ ತನ್ನ ಬಳಿ ಉಳಿಸಿಕೊಂಡಳು. ಹೀಗೆ ಹನ್ನೆರಡು ಮಂದಿ ಕೂಡಿದರು.

ತಾಲೂಕು ಗೆದ್ದು ಜಿಲ್ಲಾ ಮಟ್ಟಕ್ಕೆ ಹೋದೆವು. ಜತ್ತದಿಂದ ಸಾಂಗಲಿ ಸುಮಾರು 90 ಕಿ.ಮೀ. ಹಳೆಯ ವಿದ್ಯಾರ್ಥಿಯೊಬ್ಬರು ತಮ್ಮ ಜೀಪು ಕೊಟ್ಟರು. ತಾಯಂದಿರು ಕಟಿರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟರು. ಉಪಾಂತ್ಯದಲ್ಲಿ ಎದುರಾದದ್ದು ನಗರದ ಪಳಗಿದ ತಂಡ. ನಮ್ಮ ಮಕ್ಕಳಿಗೆ ಅಂಗಳವೂ ಹೊಸದು, ಜನರೂ ಹೊಸಬರು, ಸುತ್ತಲಿನ ಕೂಗೆಲ್ಲ ಮರಾಠಿ. ಆದರೆ ಆಟ ಶುರುವಾದ ಮೇಲೆ ಒಂದು ವಿಚಿತ್ರ ಕಂಡೆವು. ನಮ್ಮವರು ಪರಸ್ಪರ “ಬಲಕ್ಕ!”, “ಕಂಬದ ಕಡೆ!” ಎಂದು ಕೂಗಿಕೊಂಡರೆ ಎದುರಿನವರಿಗೆ ತಿಳಿಯುತ್ತಿರಲಿಲ್ಲ. ಅವರ ಮರಾಠಿ ಕೂಗು ಮಾತ್ರ ಗಡಿಯ ನಮ್ಮ ಮಕ್ಕಳಿಗೆ ಚೆನ್ನಾಗಿ ತಿಳಿಯುತ್ತಿತ್ತು. ಎರಡು ಭಾಷೆಗಳ ನಡುವೆ ಬೆಳೆಯುವುದನ್ನು ಕೊರತೆಯೆಂದು ಭಾವಿಸಿದವರು ಅಂದು ಆ ಅಂಗಳದಲ್ಲಿ ಇರಬೇಕಿತ್ತು.

ಮೊದಲ ಇನಿಂಗ್ಸಿನಲ್ಲಿ ನಮಗೆ ಏಳು ಅಂಕ, ಅವರಿಗೆ ಎಂಟು. ಎರಡನೆಯದರಲ್ಲಿ ನಾವು ಆರು ಗಳಿಸಿ ಒಟ್ಟು ಹದಿಮೂರಕ್ಕೆ ಮುಟ್ಟಿದೆವು. ಕೊನೆಯ ಸರದಿ ಅವರದು. ನಮ್ಮ ಮೊದಲ ಮೂವರು ಔಟಾದರು. ಎರಡನೆಯ ಗುಂಪಿನ ಇಬ್ಬರೂ ಔಟಾದರು. ಅಂಕ ಸಮವಾಯಿತು. ಅಂಗಳದಲ್ಲಿ ಉಳಿದವಳು ಒಬ್ಬಳೇ, ಬೇವಿನ ಮರದ ಕೆಳಗೆ ನಿಂತು ನೋಡಿದ್ದ ಆ ತಂದೆಯ ಮಗಳು. ಎರಡು ನಿಮಿಷ ಅವಳು ಕುಳಿತವರ ನಡುವೆ ಹಾವಿನಂತೆ ಸುಳಿದು ನುಣುಚಿಕೊಂಡಳು. ವೇಳೆ ಮುಗಿಯಲು ಅರ್ಧ ನಿಮಿಷಕ್ಕೂ ಕಡಿಮೆ ಇದ್ದಾಗ ಎದುರಿನ ಹುಡುಗಿ ಕಂಬ ಹಿಡಿದು ಚಾಚಿದ ಕೈ ಅವಳ ಹೆಗಲಿಗೆ ತಾಕಿತು. ಒಂದು ಅಂಕದಿಂದ ಸೋತೆವು.

ಮಕ್ಕಳು ಅತ್ತರು. ಅಷ್ಟರಲ್ಲಿ ಗೆದ್ದ ತಂಡದ ಹುಡುಗಿಯರು ನೀರಿನ ಕೊಡ ತಂದು ಪಕ್ಕದಲ್ಲಿ ಕುಳಿತರು. ‘ಬಲಕ್ಕ’ ಎಂದರೇನು ಎಂದು ಕೇಳಿದರು. ನಮ್ಮವರು ಕಣ್ಣೊರೆಸಿಕೊಂಡು ತಿಳಿಸಿದರು. ‘ಖೋ’ ಎಂಬುದಕ್ಕೆ ಮಾತ್ರ ಯಾರೂ ಅರ್ಥ ಕೇಳಲಿಲ್ಲ. ಆ ಒಂದಕ್ಷರ ಇಬ್ಬರಿಗೂ ಸೇರಿದ್ದು.

ಆ ಪಂದ್ಯ ಕೊಟ್ಟದ್ದೇನು ಎಂದು ಕೇಳಿದರೆ ನಮ್ಮ ಉತ್ತರ ಶಾಲೆಯ ಹಾಜರಿ ಪುಸ್ತಕದಲ್ಲಿದೆ. ಆ ಹನ್ನೆರಡು ಮಂದಿಯಲ್ಲಿ ಒಬ್ಬಳೂ ನಡುವೆ ಶಾಲೆ ಬಿಡಲಿಲ್ಲ. ಹನ್ನೆರಡು ಮಂದಿಯೂ ಹತ್ತನೆಯ ತರಗತಿಯ ಪರೀಕ್ಷೆಗೆ ಕುಳಿತರು. ಆಟವಿದ್ದ ಕಾರಣ ಶಾಲೆಯಲ್ಲಿ ಉಳಿದರು, ಉಳಿದ ಕಾರಣ ಓದಿದರು. ಇಂದು ಅವರಲ್ಲಿ ದಾದಿಯಾದವರಿದ್ದಾರೆ, ಶಿಕ್ಷಕಿಯಾದವರಿದ್ದಾರೆ, ಸಂಸಾರ ನಡೆಸುತ್ತ ಹೊಲದ ಲೆಕ್ಕ ತಾವೇ ಬರೆಯುವವರಿದ್ದಾರೆ. ಇದು ನಮಗೆ ಯಾವ ಢಾಲಿಗಿಂತಲೂ ಕಡಿಮೆಯದಲ್ಲ.

2025ರ ಜನವರಿಯಲ್ಲಿ ದೆಹಲಿಯಲ್ಲಿ ಖೋ ಖೋ ಆಟದ ಮೊದಲ ವಿಶ್ವಕಪ್ ನಡೆಯಿತು. ನಮ್ಮ ಮಹಿಳೆಯರು ಅಂತಿಮ ಪಂದ್ಯದಲ್ಲಿ ನೇಪಾಳವನ್ನು 78-40ರಿಂದ ಸೋಲಿಸಿದರು. ತಂಡದ ನಾಯಕಿ ಮಹಾರಾಷ್ಟ್ರದ ಪ್ರಿಯಾಂಕಾ ಇಂಗಳೆ. ಅಂತಿಮ ಪಂದ್ಯದಲ್ಲಿ ಮಿಂಚಿದ ಬಿ. ಚೈತ್ರಾ ಮೈಸೂರು ಜಿಲ್ಲೆಯ ತಿ. ನರಸೀಪುರ ತಾಲೂಕಿನ ಕುರುಬೂರಿನವರು, ರೈತರ ಮಗಳು. ಒಂದೇ ತಂಡದಲ್ಲಿ ಮರಾಠಿ ನೆಲದ ನಾಯಕಿ, ಕನ್ನಡ ನೆಲದ ಓಟಗಾರ್ತಿ. ನಮ್ಮ ಗಡಿಯ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಚಿತ್ರ ಬೇರೆ ಯಾವುದಿದೆ?

ಈ ಶಾಲೆ ಆರಂಭವಾದಾಗ ಇಲ್ಲಿ ಜತ್ತ ಸಂಸ್ಥಾನದ ಆಡಳಿತವಿತ್ತು. 1948ರಲ್ಲಿ ಸಂಸ್ಥಾನ ವಿಲೀನವಾಯಿತು, 1960ರಲ್ಲಿ ಮಹಾರಾಷ್ಟ್ರ ರಾಜ್ಯವಾಯಿತು. ಆಡಳಿತ ಬದಲಾದರೂ ಕನ್ನಡದ ಪಾಠ ನಿಲ್ಲಲಿಲ್ಲ. ಹಿಂದಿನವರು ನಮ್ಮ ಬೆನ್ನು ಮುಟ್ಟಿ ಎಬ್ಬಿಸಿದ್ದಾರೆ. ಈಗ ಓಡುವ ಸರದಿ ನಮ್ಮದು.

ಆದುದರಿಂದ ಮೂರು ಬಿನ್ನಹಗಳು. ಪಾಲಕರೇ, ಮಗಳು ಎಂಟನೆಯ ತರಗತಿಗೆ ಬಂದಳೆಂದು ಅವಳನ್ನು ಅಂಗಳದಿಂದ ಕರೆಯಬೇಡಿರಿ. ಹತ್ತನೆಯದು ಮುಗಿಯುವವರೆಗಾದರೂ ಓಡಲು ಬಿಡಿರಿ. ಹಳೆಯ ವಿದ್ಯಾರ್ಥಿಗಳೇ, ಶತಮಾನೋತ್ಸವದ ನೆನಪಿಗೆ ಕಮಾನು ಕಟ್ಟಿಸುವ ವಿಚಾರ ಕೇಳಿಬಂದಿದೆ. ಅದಕ್ಕಿಂತ ಮೊದಲು ಅಂಗಳ ಸಮತಟ್ಟಾಗಲಿ, ಹುಡುಗಿಯರಿಗೆ ಬಟ್ಟೆ ಬದಲಿಸಲು ಬಾಗಿಲಿರುವ ಒಂದು ಕೋಣೆಯಾಗಲಿ. ಗುರುಬಳಗದವರೇ, ಪರೀಕ್ಷೆ ಸಮೀಪಿಸಿತೆಂದು ಆಟದ ತಾಸನ್ನು ಗಣಿತಕ್ಕೆ ಕೊಡದಿರೋಣ.

ಇಷ್ಟು ನಡೆದರೆ ಮುಂದಿನ ಉಪಾಂತ್ಯದಲ್ಲಿ ನಾವು ಗೆಲ್ಲಬಹುದು, ಸೋಲಲೂಬಹುದು. ಹನ್ನೆರಡು ಹೆಣ್ಣುಮಕ್ಕಳು ಅಲ್ಲಿಯವರೆಗೆ ಹೋಗುವುದಂತೂ ನಿಶ್ಚಯ.