ಹಿಡಿ ಗಿಡ್ಡ, ಅಷ್ಟೇ



ವರ್ಕ್‌ಶಾಪಿನಲ್ಲಿ ಕಬ್ಬಿಣಕ್ಕೆ ತೂತು ಕೊರೆಯುವವರು ನಮ್ಮಲ್ಲೂ ಇದ್ದಾರೆ. ಡ್ರಿಲ್ ಮಷೀನಿನ ಹಿಡಿ ಎಳೆದರೆ ಬಿಟ್ ಕೆಳಗೆ ಇಳಿಯುತ್ತೆ. ದಿನವಿಡೀ ಎಳೆದರೆ ಭುಜ ನೋಯುತ್ತೆ. "ಹೆಂಗಸರಿಗೆ ಶಕ್ತಿ ಸಾಲದು" ಅಂತಾರೆ. ನಾವು ಒಪ್ಪೋದಿಲ್ಲ. ಹಿಡಿ ಗಿಡ್ಡ, ಅಷ್ಟೇ.

ಬೋರ್‌ವೆಲ್ ಕೈಪಂಪು ನೋಡಿ. ಹಿಡಿಯ ತುದಿ ಒತ್ತಿದರೆ ಹಗುರ. ಬುಡದಲ್ಲಿ ಒತ್ತಿದರೆ ಅಲುಗೋದೇ ಇಲ್ಲ! ಇದೂ ಹಾಗೇ. ಅರ್ಧ ಅಡಿ ಹಿಡಿ 1 ಅಡಿ ಆದರೆ ಅರ್ಧ ಬಲ ಸಾಕು. ಕೈ ಮಾತ್ರ ಎರಡರಷ್ಟು ದೂರ ಹೋಗಬೇಕು.

ಹೆಚ್ಚಿನ ಮಷೀನುಗಳಲ್ಲಿ ಹಿಡಿಯನ್ನು ತಿರುಗಿಸಿ ಬಿಚ್ಚಬಹುದು. ಮೊದಲು ಕರೆಂಟ್ ತೆಗೆಯಿರಿ. ಲೇತ್‌ನವರಿಂದ ಅದೇ ತಿರುಪಿನ ಉದ್ದ ಸರಳು ಮಾಡಿಸೋಣ. ಹಳೇ ಹಿಡಿಗೆ ಪೈಪು ಸಿಕ್ಕಿಸಬೇಡಿ, ಜಾರುತ್ತೆ. ಬಿಟ್ ಮೊಂಡಾಗಿದ್ದರೆ ಸಾಣೆ ಹಿಡಿಸಿ. ಉದ್ದ ಹಿಡಿ ಅಂತ ಜೋರಾಗಿ ಎಳೆದರೆ ಬಿಟ್ಟೇ ಮುರಿಯುತ್ತೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಜಡೆ ತುರುಬು ಕಟ್ಟಿ, ಆಮೇಲೆ ಸ್ವಿಚ್ ಹಾಕಿ.