ಗಾಲ್ಫ್ ಆಟದ ದೊಡ್ಡ ಹೊಡೆತವೂ ಸಣ್ಣ ಹೊಡೆತವೂ

(ಚಿಲಮತ್ತೂರಿನಲ್ಲಿ ಶಾಲಾ ವಾರ್ಷಿಕೋತ್ಸವದ ಸಂದರ್ಭದಲ್ಲಿ ಮಾಡಿದ ಭಾಷಣ)



ಕಬಡ್ಡಿಯನ್ನೋ ಕ್ರಿಕೆಟ್ಟನ್ನೋ ಬಿಟ್ಟು ಗಾಲ್ಫ್ ಆಟದ ವಿಚಾರವಾಗಿ ಮಾತನಾಡಲು ನಾವು ನಿಂತಿರುವುದನ್ನು ಕಂಡು ಕೆಲವರು ಮುಗುಳ್ನಗುತ್ತಿದ್ದೀರಿ. ಮಳೆಗಾಗಿ ಮುಗಿಲು ನೋಡುವ ಈ ಸೀಮೆಯಲ್ಲಿ ಹಸಿರು ಹುಲ್ಲಿನ ಆಟವೆ ಎಂಬ ಪ್ರಶ್ನೆ ನ್ಯಾಯವಾದುದೇ. ಆದರೆ ನೀರಿನ ಅಭಾವವಿದ್ದ ಕಡೆಗಳಲ್ಲಿ ಮರಳಿಗೆ ಎಣ್ಣೆ ಬೆರೆಸಿ, ತಟ್ಟಿ, ಸಮಮಾಡಿ, ಅದರ ಮೇಲೆಯೇ ಚೆಂಡನ್ನು ಉರುಳಿಸಿ ಆಡಿದವರುಂಟು. ಅಂಥ ನೆಲಕ್ಕೆ ‘ಬ್ರೌನ್’ ಎಂದೇ ಹೆಸರು. ಅದಿರಲಿ. ಇಲ್ಲಿಂದ ಹೊರಟು ಬಾಗೇಪಲ್ಲಿ, ಚಿಕ್ಕಬಳ್ಳಾಪುರಗಳನ್ನು ದಾಟಿದರೆ ಸಿಕ್ಕುವ ಬೆಂಗಳೂರಿನಲ್ಲಿ 1876ರಲ್ಲಿಯೇ ಗಾಲ್ಫ್ ಸಂಘವೊಂದು ಸ್ಥಾಪನೆಯಾಯಿತು. ಅದೇ ಬೆಂಗಳೂರಿನಲ್ಲಿ 1998ರಲ್ಲಿ ಹುಟ್ಟಿದ ಅದಿತಿ ಅಶೋಕ್ ಎಂಬ ಹೆಣ್ಣುಮಗಳ ಆಟವನ್ನು ಮುಂದಿಟ್ಟುಕೊಂಡೇ ಇಂದಿನ ನಮ್ಮ ಮಾತು ಸಾಗಬೇಕೆಂದಿದ್ದೇವೆ.

ಮೊದಲು ಆಟದ ಸ್ವರೂಪವನ್ನು ಹೇಳಿಬಿಡುತ್ತೇವೆ. ಮೈದಾನದಲ್ಲಿ ಹದಿನೆಂಟು ಕುಳಿಗಳು. ಒಂದೊಂದು ಕುಳಿಯ ಅಡ್ಡಳತೆ 108 ಮಿಲಿಮೀಟರು, ಎಂದರೆ ಹೆಚ್ಚುಕಡಮೆ ನಮ್ಮ ಮನೆಯ ಚೊಂಬಿನ ಬಾಯಷ್ಟು. ಚೆಂಡಿನ ತೂಕ 45.93 ಗ್ರಾಮನ್ನು ಮೀರಕೂಡದು. ಆಟಗಾರನು ಹದಿನಾಲ್ಕಕ್ಕಿಂತ ಹೆಚ್ಚು ಕೋಲುಗಳನ್ನು ಒಯ್ಯುವಂತಿಲ್ಲ. ಎಲ್ಲ ಕುಳಿಗಳಿಗೂ ಚೆಂಡನ್ನು ಸೇರಿಸಲು ಯಾರಿಗೆ ಕಡಮೆ ಹೊಡೆತಗಳು ಸಾಕಾದುವೋ ಅವರೇ ಗೆದ್ದವರು. ಇನ್ನೂರು ಗಜ ಹಾರಿಸಿದ ಹೊಡೆತವೂ ಒಂದೇ ಲೆಕ್ಕ, ಗೇಣುದ್ದ ಉರುಳಿಸಿದ ಹೊಡೆತವೂ ಒಂದೇ ಲೆಕ್ಕ. ಈ ಒಂದು ನಿಯಮವನ್ನು ಮನಸ್ಸಿನಲ್ಲಿಟ್ಟುಕೊಳ್ಳಿರಿ.

ಈಗ ದೊಡ್ಡ ಹೊಡೆತ, ಎಂದರೆ ಪೂರ್ಣ ಸ್ವಿಂಗ್. ಬಲಗೈ ಅಭ್ಯಾಸದವರನ್ನು ಕುರಿತು ಹೇಳುತ್ತೇವೆ, ಎಡಗೈಯವರು ತಿರುಗಿಸಿಕೊಳ್ಳಲಿ. ಎಡಗೈ ಮೇಲೆ, ಬಲಗೈ ಕೆಳಗೆ. ಬಲಗೈಯ ಕಿರುಬೆರಳು ಎಡಗೈಯ ಬೆರಳುಗಳ ಮೇಲೆ ಕೂರಬೇಕು. ಮಾಗಿದ ಬಾಳೆಹಣ್ಣನ್ನು ಹಿಸುಕದಂತೆ ಹಿಡಿಯುವಷ್ಟು ಬಿಗಿ ಸಾಕು. ಹೊಸಬರೆಲ್ಲರೂ ಕೊಡಲಿ ಹಿಡಿದಂತೆ ಹಿಡಿಯುತ್ತಾರೆ; ಮುಂಗೈ ಕಲ್ಲಾಗುತ್ತದೆ, ಕೋಲು ಬೀಸುವುದೇ ಇಲ್ಲ.

ಹೊಲದಲ್ಲಿ ಹಕ್ಕಿ ಕಾಯುವವರು ಕವಣೆ ಬೀಸುವುದನ್ನು ನಿಮ್ಮಲ್ಲಿ ಹಿರಿಯರು ನೋಡಿರುತ್ತೀರಿ. ಕಲ್ಲಿಗೆ ವೇಗ ಬರುವುದು ತೋಳಿನ ಬಲವೊಂದರಿಂದಲ್ಲ. ಕಾಲು ನೆಲವನ್ನು ಒತ್ತುತ್ತದೆ, ಸೊಂಟ ತಿರುಗುತ್ತದೆ, ಹೆಗಲು ಅದನ್ನು ಹಿಂಬಾಲಿಸುತ್ತದೆ, ತೋಳು ಆಮೇಲೆ, ಕಲ್ಲು ಎಲ್ಲಕ್ಕಿಂತ ಕೊನೆಗೆ. ಗಾಲ್ಫಿನ ಸ್ವಿಂಗಿಗೂ ಇದೇ ಕ್ರಮ. ಕೋಲನ್ನು ಹಿಂದಕ್ಕೆ ಒಯ್ಯುವಾಗ ಹೆಗಲುಗಳು ಕಾಲು ಸುತ್ತಿನಷ್ಟು ತಿರುಗಬೇಕು, ಸೊಂಟ ಅದರ ಅರ್ಧದಷ್ಟು. ಮರಳಿ ಬರುವಾಗ ಮೊದಲು ಹೊರಡಬೇಕಾದುದು ಸೊಂಟ. ಕೈಗಳು ಅವಸರಪಟ್ಟು ಮುಂಚೆಯೇ ಹೊರಟರೆ ಚೆಂಡು ಓರೆಯಾಗಿ ಪೊದೆಯ ಪಾಲಾಗುತ್ತದೆ. ಹೊಡೆತ ಮುಗಿದ ಮೇಲೆ ಎದೆಯು ಗುರಿಯ ಕಡೆಗೆ ತಿರುಗಿ, ಭಾರವೆಲ್ಲ ಎಡಗಾಲಿನ ಮೇಲೆ ನಿಂತು, ಮೈ ತೂಗಾಡದೆ ಇದ್ದರೆ ಸ್ವಿಂಗ್ ಸರಿಯಾಗಿತ್ತೆಂದು ತಿಳಿಯಬಹುದು.

ಕಬ್ಬಿಣದ ಕೋಲುಗಳ ವಿಷಯದಲ್ಲಿ ಒಂದೇ ಮಾತು. ಚೆಂಡನ್ನು ಮೇಲಕ್ಕೆತ್ತಲು ಸೌಟಿನಿಂದ ಬಗ್ಗಡ ತೆಗೆಯುವವರಂತೆ ಪ್ರಯತ್ನಿಸಬೇಡಿರಿ. ಕೋಲಿನ ಮುಖವನ್ನು ಇಳಿಜಾರಾಗಿ ಮಾಡಿರುವುದೇ ಚೆಂಡನ್ನು ಎತ್ತುವುದಕ್ಕಾಗಿ. ಮೊದಲು ಚೆಂಡು, ಆಮೇಲೆ ನೆಲ. ಆದರೆ ಮರಳುಗುಂಡಿಯಲ್ಲಿ ಈ ನ್ಯಾಯ ತಲೆಕೆಳಗು: ಕೋಲಿನ ಮುಖವನ್ನು ತೆರೆದಿಟ್ಟು ಚೆಂಡಿಗಿಂತ ಎರಡಂಗುಲ ಹಿಂದಿನ ಮರಳನ್ನು ಹೊಡೆದರೆ, ಮರಳೇ ಚೆಂಡನ್ನು ಹೊತ್ತು ಹೊರಗೆ ಹಾಕುತ್ತದೆ.

ದೊಡ್ಡ ಹೊಡೆತವನ್ನು ನೋಡಿ ಜನ ಚಪ್ಪಾಳೆ ತಟ್ಟುತ್ತಾರೆ. ಲೆಕ್ಕ ಏನು ಹೇಳುತ್ತದೆ? ಸಾಮಾನ್ಯವಾಗಿ ಒಂದು ಸುತ್ತಿಗೆ 72 ಹೊಡೆತಗಳೆಂದು ಗೊತ್ತುಮಾಡಿರುತ್ತಾರೆ. ಅದರಲ್ಲಿ ಕುಳಿಯೊಂದಕ್ಕೆ ಎರಡರಂತೆ 36, ಎಂದರೆ ಸರಿಯಾಗಿ ಅರ್ಧ, ನುಣುಪಾದ ಹಸಿರಿನ ಮೇಲೆ ಚೆಂಡನ್ನು ಉರುಳಿಸುವ ‘ಪಟ್’ಗಳಿಗೆ ಮೀಸಲು. ಹೀಗಿದ್ದೂ ಅಭ್ಯಾಸದ ಹೊತ್ತನ್ನೆಲ್ಲ ದೂರ ಹೊಡೆಯುವುದರಲ್ಲಿಯೇ ಕಳೆಯುವುದು ಲೋಕರೂಢಿ.

ಅದಿತಿಯವರ ಕಥೆ ಇಲ್ಲಿಗೆ ಬೇಕಾಗುತ್ತದೆ. 2020ರ ಟೋಕಿಯೋ ಒಲಿಂಪಿಕ್ಸ್ ನಡೆದದ್ದು 2021ರಲ್ಲಿ. ಅರುವತ್ತು ಮಂದಿ ಸ್ತ್ರೀಯರು ಕಣದಲ್ಲಿದ್ದರು. ಅದಿತಿಯವರ ಜಾಗತಿಕ ಸ್ಥಾನ ಆಗ 200. ಅದೇ ವರ್ಷ ಕೋವಿಡ್ ಬಂದು ಹೋಗಿದ್ದುದರಿಂದ ಮೈಯ ಬಲ ಕುಗ್ಗಿತ್ತು. ದೂರ ಹೊಡೆಯುವವರ ಸಾಲಿನಲ್ಲಿ ಅವರು ಬಹಳ ಹಿಂದಿದ್ದರು. ಕೋಲುಗಳ ಚೀಲ ಹೊತ್ತು ಜೊತೆಗೆ ನಡೆದವರು ಅವರ ತಾಯಿ. ನಾಲ್ಕು ದಿನಗಳ ಹೊಡೆತಗಳು 67, 66, 68, 68, ಒಟ್ಟು 269. ಚಿನ್ನ ಗೆದ್ದ ನೆಲ್ಲಿ ಕೋರ್ಡಾ ಅವರದು 267. ಬೆಳ್ಳಿ ಮತ್ತು ಕಂಚು ಪಡೆದವರದು 268. ಒಂದೇ ಒಂದು ಹೊಡೆತದಿಂದ ಪದಕ ತಪ್ಪಿ ನಾಲ್ಕನೆಯ ಸ್ಥಾನ! ಕೊನೆಯ ಕುಳಿಯಲ್ಲಿ ಅವರು ಉರುಳಿಸಿದ ಪಟ್ ಕೂದಲೆಳೆಯಲ್ಲಿ ಬದಿಗೆ ಸರಿದುಹೋಯಿತು. ದೇಶವೆಲ್ಲ ಮರುಗಿದ್ದು ಆ ಪಟ್ಟಿಗಾಗಿ. ನಮಗಾದರೋ ಬೇರೊಂದು ಆಶ್ಚರ್ಯ: ತಮಗಿಂತ ಎಷ್ಟೋ ದೂರ ಹೊಡೆಯುವವರ ನಡುವೆ ಅವರನ್ನು ಅಲ್ಲಿಯವರೆಗೆ ಕೊಂಡೊಯ್ದುದೂ ಪಟ್ಟುಗಳೇ. 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಅವರಿಗೆ ಬೆಳ್ಳಿ ಬಂತು.

ಹಾಗಾದರೆ ಪಟ್ ಹೇಗೆ? ಕಣ್ಣು ಚೆಂಡಿನ ನೇರ ಮೇಲಿರಲಿ. ಮಣಿಕಟ್ಟು ಆಡಕೂಡದು, ಹೆಗಲುಗಳೇ ಗಡಿಯಾರದ ಲೋಲಕದಂತೆ ತೂಗಬೇಕು. ಚೆಂಡು ಎಲ್ಲಿಗೆ ಹೋಯಿತೆಂದು ನೋಡುವ ಆತುರದಲ್ಲಿ ತಲೆ ಎತ್ತುವುದು ದೊಡ್ಡ ದೋಷ. ಚೆಂಡು ಕುಳಿಗೆ ಬಿದ್ದ ಸದ್ದನ್ನು ಕಿವಿಯಿಂದ ಕೇಳುವೆನೆಂದು ನಿಶ್ಚಯಿಸಿಕೊಂಡರೆ ತಲೆ ತಾನೇ ನಿಲ್ಲುತ್ತದೆ. ಇನ್ನು ದಿಕ್ಕಿಗಿಂತ ವೇಗವನ್ನು ಮೊದಲು ಕಲಿಯಬೇಕೆಂಬುದು ನಮ್ಮ ಅಭಿಪ್ರಾಯ. ಮೆಲ್ಲನೆ ಬಂದ ಚೆಂಡು ಕುಳಿಯ ಅಂಚಿಗೆ ತಾಗಿದರೂ ಒಳಗೆ ಬೀಳುತ್ತದೆ. ರಭಸದಿಂದ ಬಂದದ್ದು ನಡುವೆಯೇ ಬಂದರೂ ಹಾರಿಹೋಗಬಹುದು. ಗೋಲಿಯಾಟ ಬಲ್ಲ ಹುಡುಗರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ನೆಲದ ವಾಟವನ್ನು ಓದುವುದಂತೂ ರೈತರ ಮಕ್ಕಳಿಗೆ ಸುಲಭ: ಚೊಂಬು ನೀರು ಚೆಲ್ಲಿದರೆ ಯಾವ ಕಡೆಗೆ ಹರಿದೀತೆಂದು ಊಹಿಸಿರಿ, ಚೆಂಡು ಆ ಕಡೆಗೇ ಬಾಗುತ್ತದೆ.

ಇದು ಶ್ರೀಮಂತರ ಆಟವಲ್ಲವೆ ಎಂದು ಪೋಷಕರು ಕೇಳಬಹುದು. ಬಹುಮಟ್ಟಿಗೆ ಹೌದು, ಕೋಲು ದುಬಾರಿ, ಮೈದಾನ ಇನ್ನೂ ದುಬಾರಿ. ಆದರೂ ಬಿಡದಿಯ ಸಮೀಪದ ಗಾಲ್ಫ್ ಮೈದಾನದ ನೆರೆಹಳ್ಳಿಯ ಬಡ ಕುಟುಂಬದಲ್ಲಿ ಬೆಳೆದ ಚಿಕ್ಕರಂಗಪ್ಪ ಅಲ್ಲಿಯೇ ಆಟ ಕಲಿತು ವೃತ್ತಿಯ ಆಟಗಾರರಾದರು. ಬಾಗಿಲು ಕಿರಿದು, ಮುಚ್ಚಿಲ್ಲ. ಪಟ್ ಅಭ್ಯಾಸಕ್ಕೆ ಮೈದಾನವೇ ಬೇಕೆಂದೂ ಇಲ್ಲ. ಸಾರಿಸಿದ ಅಂಗಳದಲ್ಲಿ ಎರಡು ನಾಣ್ಯಗಳನ್ನು ಚೆಂಡು ನುಸುಳುವಷ್ಟೇ ಅಂತರದಲ್ಲಿಟ್ಟು, ನಾಲ್ಕು ಅಡಿಯಿಂದ ನೂರು ಸಲ ಉರುಳಿಸಿರಿ. ಎಷ್ಟು ಸಲ ತಾಗದೆ ಹೋಯಿತೆಂದು ಪುಸ್ತಕದಲ್ಲಿ ಬರೆದಿಡಿರಿ, ಮರುವಾರ ಹೋಲಿಸಿರಿ.

ಮಾತು ಉದ್ದವಾಯಿತು. ಶಾಲೆಯ ಹಿಂದಿನ ಅಂಗಳದಲ್ಲಿ 108 ಮಿಲಿಮೀಟರಿನ ಕುಳಿಯೊಂದನ್ನು ಅಳೆದು ತೋಡಿಸಿದ್ದೇವೆ. ನಾವು ತಂದಿರುವ ಕೋಲುಗಳು ಎರಡೇ. ಆದುದರಿಂದ ಚಿಕ್ಕ ತರಗತಿಯವರು ಮೊದಲು ಬರಲಿ, ಅವರ ಹಿಂದೆ ತಾಯಂದಿರು.