ವಾರದ ರಜೆಯೂ ಗರಸಿನ ಹಾದಿಯೂ

(ಹೈದರಾಬಾದಿನಲ್ಲಿ ನಮ್ಮ ಕಾರ್ಮಿಕ ಬಂಧುಗಳ ಸಭೆಯಲ್ಲಿ ಮಾಡಿದ ಭಾಷಣ)



ಇಂದು ನಾವು ಸೈಕಲ್ ಪ್ರವಾಸದ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇವೆ. ಬೆಳಗಿನ ಜಾವ ಎದ್ದು ಹೋಟೆಲಿನ ಒಲೆ ಹಚ್ಚುವವರಿಗೂ, ರಾತ್ರಿ ಪಾಳಿ ಮುಗಿಸಿ ಗಿರಣಿಯ ಬಾಗಿಲಿನಿಂದ ಹೊರಬೀಳುವವರಿಗೂ ಇದು ಉಳ್ಳವರ ಶೋಕಿಯೆಂದು ತೋರಬಹುದು. "ದಿನವೂ ಸೈಕಲ್ ತುಳಿದೇ ಕೆಲಸಕ್ಕೆ ಬರುವವರಿಗೆ ರಜೆಯ ದಿನವೂ ಸೈಕಲ್ಲೇ?" ಎಂದು ಕೇಳುವವರೂ ಉಂಟು. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರವನ್ನು ಸ್ವಲ್ಪ ದೂರದಿಂದ, ಫ್ರಾನ್ಸ್ ದೇಶದಿಂದ, ಆರಂಭಿಸುತ್ತೇವೆ.

೧೯೩೬ರ ಮೇ, ಜೂನ್ ತಿಂಗಳುಗಳಲ್ಲಿ ಫ್ರಾನ್ಸಿನ ಕಾರ್ಮಿಕರು ಲಕ್ಷಗಟ್ಟಲೆ ಮುಷ್ಕರ ಹೂಡಿ ಕಾರ್ಖಾನೆಗಳ ಒಳಗೇ ಕುಳಿತುಬಿಟ್ಟರು. ಆಗ ಲಿಯೋನ್ ಬ್ಲೂಮ್ ಅವರ ಸರ್ಕಾರ ಎರಡು ಕಾನೂನುಗಳನ್ನು ಮಾಡಿತು. ವಾರಕ್ಕೆ ೪೦ ಗಂಟೆಯ ದುಡಿಮೆ ಎಂಬುದು ಒಂದು. ವರ್ಷಕ್ಕೆ ೧೫ ದಿನ ಸಂಬಳಸಹಿತ ರಜೆ ಎಂಬುದು ಇನ್ನೊಂದು. ಆ ಬೇಸಿಗೆಯಲ್ಲಿ, ಅಲ್ಲಿಯವರೆಗೆ ಸಮುದ್ರವನ್ನೇ ಕಂಡಿರದ ಎಷ್ಟೋ ದುಡಿಮೆಗಾರರು ಊರು ಬಿಟ್ಟು ಹೊರಟರು. ಕೆಲವರು ರಿಯಾಯಿತಿ ದರದ ರೈಲು ಟಿಕೆಟು ಕೊಂಡರು. ಕೆಲವರು ಗುಡಾರ ಕಟ್ಟಿಕೊಂಡು ಸೈಕಲ್ ಹತ್ತಿದರು. ಗಂಡಹೆಂಡಿರು ಕೂಡಿ ತುಳಿಯುವ ಇಬ್ಬರ ಸೈಕಲ್ಲುಗಳು ಹಳ್ಳಿಯ ರಸ್ತೆಗಳಲ್ಲಿ ಸಾಲುಗಟ್ಟಿದವು. ಸೈಕಲ್ ಪ್ರವಾಸ ಶ್ರೀಮಂತರ ಕೊಡುಗೆಯಲ್ಲ, ರಜೆಗಾಗಿ ಹೋರಾಡಿ ಗೆದ್ದವರ ಗಳಿಕೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಆ ದೇಶದಲ್ಲಿ ಇಂದಿಗೂ ಜನ ಡಾಂಬರು ಬಿಟ್ಟು ಗರಸಿನ ಹಾದಿಗಳಲ್ಲಿ ಸೈಕಲ್ ತುಳಿಯುತ್ತಾರೆ. ದಕ್ಷಿಣದಲ್ಲಿ ತುಲೂಸ್ ನಗರದಿಂದ ಸಮುದ್ರದ ಕಡೆಗೆ ಸುಮಾರು ೨೪೦ ಕಿಲೋಮೀಟರು ಉದ್ದದ ಮಿದಿ ಕಾಲುವೆಯಿದೆ. ೧೬೬೬ರಿಂದ ೧೬೮೧ರವರೆಗೆ ಸಾವಿರಾರು ಜನ ಗುದ್ದಲಿ ಸನಿಕೆಗಳಿಂದ ಅಗೆದದ್ದು. ಕೆಲಸ ಮಾಡಿಸಿದ ರಿಕೆ ಎಂಬಾತ ಕೂಲಿಕಾರರಿಗೆ ಮಳೆಯ ದಿನಕ್ಕೂ ಹಬ್ಬದ ದಿನಕ್ಕೂ ಕೂಲಿ ಕೊಟ್ಟನೆಂದು ಹೇಳುತ್ತಾರೆ. ಹಿಂದೆ ಕುದುರೆಗಳು ದೋಣಿ ಎಳೆದ ಆ ದಡದ ಹಾದಿಯಲ್ಲಿ ಈಗ ಸೈಕಲ್ಲುಗಳು ಓಡುತ್ತವೆ. ನಡುದಾರಿಯಲ್ಲಿ ಎರಡು ಸುತ್ತಿನ ಕೋಟೆಯಿರುವ ಕಾರ್ಕಸೋನ್ ಪಟ್ಟಣ ಸಿಗುತ್ತದೆ.

ಇಂಥ ಹಾದಿಗೆಂದೇ ಈಗ ಬೇರೆ ಸೈಕಲ್ಲು ಬಂದಿದೆ. ಗ್ರಾವೆಲ್ ಬೈಕ್ ಎಂದು ಅದರ ಹೆಸರು. ಬೆಲೆ ಕೇಳಿದರೆ ನಮ್ಮ ಹಲವು ತಿಂಗಳ ಪಗಾರ! ಅದರ ವಿಶೇಷವೇನೆಂದು ನೋಡಿದರೆ ಟೈರು ಸುಮಾರು ಒಂದೂವರೆ ಇಂಚು ಅಗಲ. ಬಂಧುಗಳೇ, ನಮ್ಮ ಹಾಲಿನವರ ಸೈಕಲ್ಲಿನ ಇಪ್ಪತ್ತೆಂಟು ಇಂಚಿನ ಗಾಲಿಗೂ ಇರುವುದು ಅದೇ ಒಂದೂವರೆ ಇಂಚಿನ ಟೈರು! ಅವರದರಲ್ಲಿ ಗೇರುಗಳುಂಟು, ತೂಕ ನಮ್ಮದರ ಅರ್ಧದಷ್ಟು, ಬ್ರೇಕು ಗಟ್ಟಿ. ಇವು ನಿಜವಾದ ಅನುಕೂಲಗಳೇ. ಆದರೆ ಗರಸಿನ ಮೇಲೆ ಜಾರದೆ ಸಾಗುವ ಗಾಲಿ ನಮ್ಮ ಮನೆಯ ಗೋಡೆಗೇ ಒರಗಿ ನಿಂತಿದೆ.

ಇನ್ನು ಹಾದಿ ಎಲ್ಲಿ? ನಮ್ಮಲ್ಲಿ ಬಹುಮಂದಿ ಬೀದರ, ಕಲಬುರ್ಗಿ, ರಾಯಚೂರು ಕಡೆಯವರು. ಮದುವೆಗೋ ಮಣ್ಣಿಗೋ ಊರಿಗೆ ಹೋಗುವಾಗ ರಾತ್ರಿ ರೈಲಿನಲ್ಲಿ ಕಣ್ಣು ಮುಚ್ಚಿ ಹೋಗುತ್ತೇವೆ, ಕಣ್ಣು ಮುಚ್ಚಿ ಬರುತ್ತೇವೆ. ನಡುವಿನ ನಾಡನ್ನು ಕಾಣುವುದೇ ಇಲ್ಲ. ಜಹೀರಾಬಾದಿನಿಂದ ಬೀದರಿಗೆ ಸುಮಾರು ೩೦ ಕಿಲೋಮೀಟರು. ಹೆದ್ದಾರಿಯ ಲಾರಿಗಳನ್ನು ಬಿಟ್ಟು ಹಳ್ಳಿಯ ದಾರಿ ಹಿಡಿದರೆ ಕೆಂಪು ಮೊರಂ, ಅದರಾಚೆ ಕರಿ ಎರೆ, ತೊಗರಿ, ಜೋಳ, ಕಬ್ಬು. ನಾವು ಕೆಲವರು ಆ ದಾರಿಯಲ್ಲಿ ಹೋಗಿದ್ದೇವೆ. ಕನ್ನಡದಲ್ಲಿ ದಾರಿ ಕೇಳಿದರೆ ಒಬ್ಬರು ತೆಲುಗಿನಲ್ಲಿ ಹೇಳಿದರು, ಒಬ್ಬರು ಉರ್ದುವಿನಲ್ಲಿ ಹೇಳಿದರು, ಒಬ್ಬ ಅಜ್ಜಿ "ಯಾವೂರವ್ರಿ ನೀವು?" ಎಂದು ತಂಬಿಗೆ ನೀರು ಕೊಟ್ಟಳು. ೧೯೫೬ರ ನವೆಂಬರ್ ೧ರವರೆಗೆ ಜಹೀರಾಬಾದು ಬೀದರ ಜಿಲ್ಲೆಗೇ ಸೇರಿತ್ತು. ರಾಜ್ಯಗಳ ಗೆರೆ ನಕಾಶೆಯಲ್ಲಿ ಬದಲಾಯಿತು. ಅಜ್ಜಿಯ ತಂಬಿಗೆಗೆ ಗೆರೆಯಿಲ್ಲ.

ಬೀದರ ಮುಟ್ಟಿದ ಮೇಲೆ ನೋಡಬೇಕಾದದ್ದು ಬಹಳ. ಬಹಮನಿ ಸುಲ್ತಾನರು ಹದಿನೈದನೆಯ ಶತಮಾನದಲ್ಲಿ ಕಲಬುರ್ಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದರು. ಆ ಕೆಂಪು ಮುರಕಲ್ಲಿನ ಕೋಟೆ, ಅಷ್ಟೂರಿನ ಗುಂಬಜುಗಳು, ೧೪೭೨ರಲ್ಲಿ ಮಂತ್ರಿ ಮಹಮೂದ್ ಗವಾನ್ ಕಟ್ಟಿಸಿದ ವಿದ್ಯಾಲಯ ಇವನ್ನು ಮಕ್ಕಳಿಗೆ ತೋರಿಸಿರಿ. ದೂರದ ಇರಾನಿನಿಂದ ವ್ಯಾಪಾರಿಯಾಗಿ ಬಂದು ಮಂತ್ರಿಯಾದ ಗವಾನನನ್ನು ೧೪೮೧ರಲ್ಲಿ ಸುಲ್ತಾನನೇ ಕೊಲ್ಲಿಸಿದನು. ಅವನ ಹೆಸರು ಕಲ್ಲಿನಲ್ಲಿ ಉಳಿಯಿತು. ಕಲ್ಲು ಹೊತ್ತವರ ಹೆಸರು ಉಳಿಯಲಿಲ್ಲ. ನೌಬಾದಿನ ಹತ್ತಿರ ಮುರಕಲ್ಲನ್ನು ನೆಲದೊಳಗೆ ಕೊರೆದು ನೀರು ಹರಿಸಿದ 'ಕರೇಜ್' ಎಂಬ ಸುರಂಗವಿದೆ. ಮಿದಿ ಕಾಲುವೆಗಿಂತ ಎಷ್ಟೋ ಹಿಂದಿನ ಕೆಲಸ. ಅದರ ಬಾವಿಯ ಅಂಚಿನಲ್ಲಿ ನಿಂತಾಗ ಅಗೆದ ಕೈಗಳ ನೆನಪು ನಮಗಲ್ಲದೆ ಇನ್ನಾರಿಗೆ ಬಂದೀತು?

ಅಷ್ಟು ದೂರ ಆಗದವರು ಗೋಲ್ಕೊಂಡದವರೆಗಾದರೂ ಹೋಗಿರಿ. ಅಲ್ಲಿಂದ ಇನ್ನೂ ಹತ್ತು ಹನ್ನೆರಡು ಕಿಲೋಮೀಟರು ತುಳಿದರೆ ಗಂಡಿಪೇಟೆಯ ಕೆರೆ. ೧೯೦೮ರ ಮೂಸಿ ಪ್ರವಾಹದಲ್ಲಿ ಈ ನಗರ ಕೊಚ್ಚಿಹೋದಾಗ ನಿಜಾಮರ ಸರ್ಕಾರ ಕರೆಸಿದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ಅವರ ಸಲಹೆಯಿಂದ ಎದ್ದ ಕಟ್ಟೆ ಅದು, ೧೯೨೦ರಲ್ಲಿ ಮುಗಿಯಿತು. ಅಲ್ಲಿಗೆ ಹತ್ತಿರದಲ್ಲೇ ಹೊರವರ್ತುಲ ರಸ್ತೆಯ ಪಕ್ಕ ೨೦೨೩ರಲ್ಲಿ ೨೩ ಕಿಲೋಮೀಟರಿನ ಸೈಕಲ್ ಹಾದಿಯನ್ನು ತೆರೆದಿದ್ದಾರೆ. ಮೇಲೆ ಸೌರಫಲಕಗಳ ಚಪ್ಪರ. ಸಂತೋಷವೇ. ಆದರೆ ಹೊಟ್ಟೆಪಾಡಿಗಾಗಿ ದಿನವೂ ಸೈಕಲ್ ತುಳಿಯುವವನು ಊರ ನಡುವಿನ ಬಸ್ಸು ಲಾರಿಗಳ ಸಂದಿಯಲ್ಲೇ ಇದ್ದಾನೆ. ಅವನಿಗೂ ಒಂದು ಗಜ ಅಗಲದ ಹಾದಿ ಬೇಕೆಂದು ಕೇಳುವುದು ತಪ್ಪಲ್ಲ.

ಈಗ ಮುಖ್ಯ ಮಾತು. ಸೈಕಲ್ಲಿದೆ, ಹಾದಿಯಿದೆ, ದಿನವೆಲ್ಲಿ? ಮುಂಬಯಿಯ ಗಿರಣಿಗಳಿಗೆ ಭಾನುವಾರದ ರಜೆ ಬಂದದ್ದು ೧೮೯೦ರಲ್ಲಿ. ನಾರಾಯಣ ಮೇಘಾಜಿ ಲೋಖಂಡೆಯವರು ಕಾರ್ಮಿಕರನ್ನು ಕೂಡಿಸಿ ವರ್ಷಗಟ್ಟಲೆ ಹೋರಾಡಿದ ಮೇಲೆ. ಹೋಟೆಲು ಕೆಲಸಗಾರರಿಗೂ ವಾರಕ್ಕೊಂದು ದಿನ ಬಿಡುವೆಂದು ಈ ಪ್ರಾಂತದ ೧೯೮೮ರ ಅಂಗಡಿ, ಸಂಸ್ಥೆಗಳ ಕಾನೂನು ಹೇಳುತ್ತದೆ. ಹೀಗಿದ್ದೂ ನಮ್ಮಲ್ಲಿ ಎಷ್ಟು ಜನ ಆ ದಿನವನ್ನು ನಿಜವಾಗಿ ಪಡೆಯುತ್ತೇವೆ? ಹಬ್ಬದ ನೂಕುನುಗ್ಗಲು ಎಂದು ಒಂದು ವಾರ, ಅಡಿಗೆಯವನು ಬರಲಿಲ್ಲವೆಂದು ಇನ್ನೊಂದು ವಾರ. ಮಾಲೀಕರು ಕೇಳುತ್ತಾರೆ, ನಾವು ಹೆಚ್ಚಿನ ನಾಲ್ಕು ಕಾಸಿಗೆ ಒಪ್ಪುತ್ತೇವೆ. ಮನೆಯ ಕಷ್ಟವಿದ್ದವರನ್ನು ದೂರುವ ಮಾತಲ್ಲ ಇದು. ಆದರೆ ಒಬ್ಬರು ಮಾರಿದ ರಜೆ ಪಕ್ಕದವರ ರಜೆಯನ್ನೂ ಅಗ್ಗ ಮಾಡುತ್ತದೆ. ಹೋಗಬೇಕಾದ ಜಾಗವೊಂದು ಮನಸ್ಸಿನಲ್ಲಿದ್ದರೆ ಮಾತ್ರ "ನಾಳೆ ನನ್ನ ರಜೆ, ಬರಲಾಗುವುದಿಲ್ಲ" ಎನ್ನುವ ಧೈರ್ಯ ನಾಲಿಗೆಗೆ ಬರುತ್ತದೆ. ನಾವು ಈ ಪ್ರವಾಸದ ಮಾತೆತ್ತಿದ್ದು ಇದಕ್ಕಾಗಿ.

ಕಡೆಯದಾಗಿ ಕೆಲವು ಸೂಚನೆಗಳು. ನಾಲ್ಕು ಜನಕ್ಕೆ ಕಡಿಮೆ ಹೊರಡಬೇಡಿರಿ. ಪಂಪು, ಒಂದು ಹೆಚ್ಚಿನ ಟ್ಯೂಬು, ಪಂಕ್ಚರ್ ಸಾಮಾನು ಜೊತೆಗಿರಲಿ. ಗರಸಿನ ಮೇಲೆ ಗಾಳಿ ಸ್ವಲ್ಪ ಕಡಿಮೆಯಿದ್ದರೆ ಹಿಡಿತ ಹೆಚ್ಚು. ಮಳೆ ಬಿದ್ದ ಮರುದಿನ ಎರೆ ದಾರಿ ಬೇಡ. ಮಣ್ಣು ಮಡ್‌ಗಾರ್ಡಿನೊಳಗೆ ತುಂಬಿ ಗಾಲಿಯೇ ತಿರುಗುವುದಿಲ್ಲ, ನಾವು ಕಡ್ಡಿಯಿಂದ ಕೆರೆದು ಕೆರೆದು ಸಾಕಾಗಿದ್ದೇವೆ. ದಸರೆಯಿಂದ ಶಿವರಾತ್ರಿಯವರೆಗೆ ಒಳ್ಳೆಯ ಕಾಲ. ಸೈಕಲ್ಲನ್ನು ರೈಲಿನ ಬ್ರೇಕ್ ವ್ಯಾನಿನಲ್ಲಿ ಕಳಿಸುವುದಾದರೆ ಮೊದಲೇ ನಿಲ್ದಾಣದಲ್ಲಿ ವಿಚಾರಿಸಿಕೊಳ್ಳಿರಿ. ಬುತ್ತಿಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿ. ಆರು ದಿನ ಊರಿಗೆಲ್ಲ ಬಡಿಸುವವರು ಆ ಒಂದು ದಿನ ಮರದ ನೆರಳಲ್ಲಿ ಕುಳಿತು ಉಣ್ಣಲಿ.

ದುಡಿದವನಿಗೆ ಕೂಲಿಯಷ್ಟೇ ಅಲ್ಲ, ತನ್ನ ನಾಡನ್ನು ಕಣ್ತುಂಬ ಕಾಣುವ ಬಿಡುವೂ ಸಲ್ಲಬೇಕು. ಆ ಬಿಡುವನ್ನು ಹಿಂದಿನವರು ಗಳಿಸಿಕೊಟ್ಟಿದ್ದಾರೆ. ಉಳಿಸಿಕೊಳ್ಳುವುದು ನಮ್ಮ ಕೈಯಲ್ಲಿದೆ. ಬರುವ ತಿಂಗಳ ರಜೆಯೊಂದನ್ನು ಈಗಲೇ ಗೊತ್ತು ಮಾಡಿ, ಬರುವವರು ಹೆಸರು ಕೊಡಬೇಕೆಂದು ಕೋರುತ್ತೇವೆ.